ತಿರುಪಿನ ತೂತು ನೋಡಿ ಕೊಳ್ಳಿ

ಅಧಿಕ ಮಾಸದ ನಲವತ್ತೊಂದನೇ ದಿನ, 2291
ರಬಕವಿ

ಮುದ್ರಣದಂಗಡಿಯ ಶ್ರೀಶೈಲ ಹೂಗಾರರಿಗೆ ನೀಲವ್ವನ ನಮಸ್ಕಾರ.

ತಾರೀಖು ನೋಡಿ ಇದು ಯಾರದೋ ಚೇಷ್ಟೆ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ. ನಮ್ಮಲ್ಲೀಗ ಅಧಿಕ ಮಾಸ ವರ್ಷವರ್ಷವೂ ಬಂದು ಐವತ್ತು ದಿನ ಕೂರುತ್ತದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ‘ಹಾರ್ಡ್ ಡಿಸ್ಕ್’ ಎಂಬುದನ್ನು ತಿಳಿಯಲು ನನಗೂ ಎರಡು ದಿನ ಹಿಡಿಯಿತು.

ಆ ಹಾರ್ಡ್ ಡಿಸ್ಕ್ ಈಗ ನನ್ನ ಮುಂದಿದೆ. ಊರಿನ ಲಗ್ನಪತ್ರಿಕೆಗಳನ್ನೆಲ್ಲ ನೀವು ಒಂದೇ ಹಳೆಯ ಕಂಪ್ಯೂಟರಿನಲ್ಲಿ ಜೋಡಿಸುತ್ತೀರಿ, ನಿಮ್ಮ ಕನ್ನಡ ಅಕ್ಷರಗಳು ಹೊಸ ಯಂತ್ರದಲ್ಲಿ ಕೂರುವುದಿಲ್ಲವೆಂದು. ಅದರ ಡಿಸ್ಕ್ ಟಕಟಕ ಎನ್ನತೊಡಗಿದೆ, ಬೇರೆಯದನ್ನು ತರಲು ಹೊರಟಿದ್ದೀರಿ. ನಿಮಗದು ನಾಳಿನ ಮಾತು, ನನಗೆ ಇನ್ನೂರ ಅರವತ್ತೈದು ವರ್ಷದ ಹಿಂದಿನದು. ನೀವು ತಂದದ್ದು ಇದನ್ನೇ. ಮೇಲೆ ‘ಹೊಚ್ಚ ಹೊಸದು’ ಎಂಬ ಚೀಟಿ. ಆದರೆ ಬದಿಯ ತಿರುಪಿನ ತೂತುಗಳಲ್ಲಿ ಎರಡು ಬಗೆಯ ಗೀರುಗಳಿವೆ. ಒಂದು ನಿಮ್ಮದು, ಇನ್ನೊಂದು ನಿಮಗಿಂತ ಮೊದಲಿನದು. ಎಲ್ಲೋ ವರ್ಷಗಟ್ಟಲೆ ದುಡಿದು ಸವೆದದ್ದನ್ನು ಒರೆಸಿ, ದುಡಿದ ಗಂಟೆಗಳನ್ನು ಸೊನ್ನೆಗೆ ತಿರುಗಿಸಿ ಕೊಟ್ಟಿದ್ದಾರೆ. ನೀವು ಹೂಗಾರರು, ಆದರೂ ಅಂಗಡಿಯವನು ನಿಮ್ಮ ಕಿವಿಯ ಮೇಲೇ ಹೂವಿಟ್ಟ. ಅದು ಬೇಗನೆ ಕೆಟ್ಟು ಪತ್ರಿಕೆಗಳೆಲ್ಲ ಅಳಿಸಿಹೋದವು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಇಲ್ಲಿ ಮನೆಮನೆಗೂ ಬೇರುಚೀಟಿ ಬೇಕು. ಹಿರಿಯರು ಇದೇ ಊರಿನವರೆಂದು ತೋರಿಸುವ ಬರಹ ಅದು. ಇಲ್ಲದವರನ್ನು ತೇಲೂರಿಗೆ, ಅಂದರೆ ನದಿಯ ಮೇಲೆ ಕಟ್ಟಿದ ದೋಣಿಸಾಲಿಗೆ, ಕಳಿಸುತ್ತಾರೆ. ಮಾಸ ಮುಗಿಯುವ ದಿನ ನಮ್ಮ ವಿಚಾರಣೆ. ಅವ್ವ ಆಗಲೇ ಪಾತ್ರೆಪಗಡ ಗಂಟು ಕಟ್ಟಿದ್ದಾಳೆ. ನಮ್ಮ ಮನೆತನದ ಮದುವೆಯ ಪತ್ರಿಕೆ ನಿಮ್ಮಲ್ಲೇ ಅಚ್ಚಾಯಿತೆಂದು ಅವಳು ಆಣೆ ಮಾಡಿ ಹೇಳುತ್ತಾಳೆ, ಆದರೆ ಅಧಿಕಾರಿಗಳಿಗೆ ಆಣೆ ಸಾಲದು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಯಂತ್ರದ ಮುಚ್ಚಳ ತೆಗೆದು ಒಳಗಿನ ಕೇಬಲ್ ಯಾವ ಬಗೆಯದೆಂದು ನೋಡಿಕೊಳ್ಳಿ. ತೀರಾ ದೊಡ್ಡ ಡಿಸ್ಕ್ ಬೇಡ, ಹಳೆಯ ಯಂತ್ರಕ್ಕೆ ಅದು ಪೂರ್ತಿ ಕಾಣುವುದಿಲ್ಲ. ಅಂಗಡಿಯವನು ಚಹಾ ತರಿಸಿದರೆ ಕುಡಿಯಿರಿ, ಚೀಟಿಯನ್ನು ಮಾತ್ರ ನಂಬಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಡಿಸ್ಕನ್ನು ಬೆಳಕಿಗೆ ಹಿಡಿದು ತಿರುಪಿನ ತೂತು ನೋಡಿ. ಹೊಸದರಲ್ಲಿ ಗೀರು ಇರಬಾರದು. ಹಾಗೆಯೇ ಪತ್ರಿಕೆಗಳನ್ನೆಲ್ಲ ಇನ್ನೊಂದು ಕಡೆಯೂ ನಕಲು ಮಾಡುವ ತನಕ ಹಳೆಯದನ್ನು ಗುಜರಿಗೆ ಹಾಕಬೇಡಿ.

ನನ್ನ ಮೇಲೂ ಸಂಶಯಪಡಿ, ತಪ್ಪೇನಿಲ್ಲ. ಆದರೆ ಕೆಳಗೆ ಬರೆದ ಸಾಲನ್ನೊಮ್ಮೆ ನಿಮ್ಮ ಕಂಪ್ಯೂಟರಿನಲ್ಲಿ ಹುಡುಕಿ. ಓದುಗಲ್ಲು ಎಂದರೆ ಹಳೆಯ ನೆನಪುಗಳನ್ನು ಓದುವ ನಮ್ಮ ಹಲಗೆ. ಅದರ ಮೇಲೆ ಈ ಡಿಸ್ಕನ್ನಿಟ್ಟು ಹದಿನೇಳು ದಿನ ಕಾದಿದ್ದಕ್ಕೆ ಒಂದೇ ಒಂದು ಸಾಲು ಬಂತು: ‘ನಮ್ಮ ಕಾಕಾನ ಮದುವೆಗೆ ತಪ್ಪದೇ ಬರ್ರಿ.’ ಅದರ ಕೆಳಗೆ ಮಕ್ಕಳ ಹೆಸರುಗಳಿವೆ. ಅವುಗಳಲ್ಲಿ ಒಂದು ನಮ್ಮ ಹಿರಿಯರದು. ಆದರೆ ಹೆಸರುಗಳ ಜಾಗದಲ್ಲಿ ನನಗೆ ಕಾಣುವುದು ಬರೀ ಚುಕ್ಕೆಗಳು.