ಮೂವತ್ತೊಂದು ಮೀಟರು ಕೆಳಗಿನವರಿಗೆ, ಜಂಬಣ್ಣನ ತಟ್ಟೆಯ ವಿಷಯ

ದಕ್ಷಿಣ ಹಿಮದ ನೆಲೆ, ಅಡುಗೆಮನೆ.
ಕ್ರಿಸ್ತಶಕ 2219, ಕತ್ತಲೆಯ ತೊಂಬತ್ತನೆಯ ನಿದ್ದೆ. ಜಂಬಣ್ಣನ ಎಣಿಕೆಯಲ್ಲಿ ಎಂಬತ್ತೊಂಬತ್ತನೆಯದು.

ಇನ್ನೂರು ವರ್ಷದ ಹಿಂದಿನ ಹಿರಿಯರಿಗೆ ಈ ನೆಲೆಯ ಅಡುಗೆಯವಳಾದ ಹುಲಿಗೆಮ್ಮನ ನಮಸ್ಕಾರಗಳು.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಓದಿದ್ದು ಕಡಿಮೆ. ನಮ್ಮವ್ವ ಬಿಸಿಲು ಹಲಗೆ ತೊಳೆಯುವ ಕೆಲಸಕ್ಕೆ ಊರೂರು ತಿರುಗುತ್ತಿದ್ದಳು. ಬಿಸಿಲು ಹಲಗೆ ಎಂದರೆ ಸೂರ್ಯನಿಂದ ಕರೆಂಟು ಹಿಡಿಯುವ ಹಲಗೆ, ನಿಮ್ಮಲ್ಲೂ ಇತ್ತಂತೆ. ಅವಳ ಬೆನ್ನು ಹತ್ತಿ ನಾನು ಐದು ಶಾಲೆ ಬದಲಿಸಿ ಆರನೆಯ ಇಯತ್ತೆಗೆ ಕೈಬಿಟ್ಟೆ. ಆದ್ದರಿಂದ ಕಾಗುಣಿತ ತಪ್ಪಿರಬಹುದು. ಒಂದು ಸಾಲನ್ನು ಮೂರು ಸಲ ತಿದ್ದಿದರೂ ನನಗೆ ಸಮಾಧಾನವಿಲ್ಲ.

ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೂ ಚಿಂತೆ. ಭೂಮಿಯ ದಕ್ಷಿಣದ ತುದಿಯ ಈ ನೆಲೆಯಲ್ಲಿ ವಿಜ್ಞಾನಿಗಳು ಹಿಮದಲ್ಲಿ ಆಳವಾದ ತೂತು ಕೊರೆಯುತ್ತಾರೆ. ಇಲ್ಲಿ ಬಿದ್ದ ಹಿಮ ಕರಗುವುದಿಲ್ಲ, ಒಂದು ವರ್ಷದ ಮೇಲೆ ಇನ್ನೊಂದು ವರ್ಷ ಕೂರುತ್ತದೆ. ಕೆಳಗೆ ಇಳಿದಷ್ಟೂ ಹಳೆಯ ಕಾಲ. ನೀವು ಬದುಕಿದ್ದ ವರ್ಷದ ಹಿಮ ಮೂವತ್ತೊಂದು ಮೀಟರು ಕೆಳಗಿದೆಯಂತೆ. ಚಳಿಗಾಲ ಕಳೆದವರು ತಮಗೆ ಬೇಕಾದ ವರ್ಷಕ್ಕೆ ಒಂದು ಪತ್ರ ಬರೆದು ದಾರ ಕಟ್ಟಿ ಇಳಿಬಿಡುವುದು ಈ ನೆಲೆಯ ರೂಢಿ. ಹಿಂದಿನ ಕಾಲಕ್ಕೆ ಹೋಗುವ ಈ ಟಪಾಲಿಗೆ ಹಿಂಟಪಾಲು ಎನ್ನುತ್ತೇವೆ. ಯಾರೂ ಉತ್ತರ ಬರೆದದ್ದಿಲ್ಲ. ದಾರ ಹರಿದು ಪತ್ರ ಇನ್ನೂ ಕೆಳಗೆ, ಓದುಬರಹವೇ ಇಲ್ಲದ ಕಾಲಕ್ಕೆ ಬಿದ್ದರೆ ಏನು ಗತಿ ಎಂದು ನಾನು ಎರಡೆಳೆ ದಾರ ಕಟ್ಟಿದ್ದೇನೆ.

ಇಲ್ಲಿ ನೂರಾ ಐದು ದಿನ ಸೂರ್ಯ ಹುಟ್ಟುವುದಿಲ್ಲ. ಹಗಲೇ ಇಲ್ಲದ ಮೇಲೆ ದಿನ ಎನ್ನುವುದು ಹೇಗೆ ಎಂದು ನಾವು ನಿದ್ದೆಗಳನ್ನು ಎಣಿಸುತ್ತೇವೆ. ಮನುಷ್ಯನ ಮೈಯೊಳಗೆ ಒಂದು ಗಡಿಯಾರವಿದೆ, ಒಳಗಡಿಯಾರ. ಅದು ಕೊಂಚ ಸೋಮಾರಿ. ದಿನಾಲೂ ಬೆಳಕು ಬಂದು ಎಬ್ಬಿಸಿದರೆ ಗೋಡೆಯ ಗಡಿಯಾರದ ಜೊತೆ ನಡೆಯುತ್ತದೆ, ಇಲ್ಲದಿದ್ದರೆ ದಿನಕ್ಕೆ ಹತ್ತು ನಿಮಿಷವೋ ಅರ್ಧ ಗಂಟೆಯೋ ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬೀಳುವುದಕ್ಕೆ ಜಾರು ಎನ್ನುತ್ತೇವೆ. ಜಾರಬಾರದು ಎಂದು ಪ್ರತಿಯೊಬ್ಬರ ಕೋಣೆಯಲ್ಲೂ ಒಂದು ನಸುಕುದೀಪವಿದೆ. ಬೆಳಗಿನ ಆರಕ್ಕೆ ಮೆಲ್ಲಗೆ ಕೆಂಪಗಾಗಿ, ಆಮೇಲೆ ಬೆಳ್ಳಗಾಗಿ, ಕಣ್ಣಿಗೆ ಸುಳ್ಳು ಹೇಳಿ ಬೆಳಗು ಮಾಡುತ್ತದೆ. ಒಳ್ಳೆಯ ಸುಳ್ಳು.

ಇನ್ನೊಂದು ವಿಷಯವನ್ನು ನೀವು ತಿಳಿಯಬೇಕು. ನಮ್ಮ ಕಾಲದಲ್ಲಿ ಒಬ್ಬರ ನಿದ್ದೆಯ ಬಗ್ಗೆ ಇನ್ನೊಬ್ಬರು ಕೇಳುವಂತಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಕೆಲಸ ಕೊಡುವವರು ಜನರ ಕೈಗೆ ಪಟ್ಟಿ ಕಟ್ಟಿ ನಿದ್ದೆಯನ್ನು ಅಳೆಯುತ್ತಿದ್ದರು, ಕಡಿಮೆ ಮಲಗಿದವರನ್ನು ಮನೆಗೆ ಕಳಿಸುತ್ತಿದ್ದರು. ಜನ ಸಿಟ್ಟಿಗೆದ್ದು ನಿದ್ದೆಮರೆ ಎಂಬ ಕಾನೂನು ತಂದರು. ಈಗ ತಾನಾಗಿ ಬಂದು ಹೇಳಿಕೊಂಡರೆ ಮಾತ್ರ ಡಾಕ್ಟರೂ ಕೇಳಬಹುದು. ಒಳ್ಳೆಯ ಕಾನೂನೇ. ಆದರೆ ನನ್ನಂಥವಳಿಗೆ ಕಷ್ಟ. ಯಾರ ಕಣ್ಣು ಕೆಂಪಾದರೂ ನನಗೆ ಚಿಂತೆ, ಕೇಳುವಂತಿಲ್ಲ.

ಹಾಗಾಗಿ ಕೇಳಲು ಉಳಿದದ್ದು ನಿಮ್ಮಿಂದ ಬಂದ ಹಳೆಯ ಮಾತೊಂದೇ. ಊಟ ಆಯಿತೇ? ನಾನು ಕೊಪ್ಪಳದ ಕಡೆಯವಳಾದ್ದರಿಂದ ನನ್ನ ಬಾಯಲ್ಲಿ ಅದು, ಬೆಳಗಾದರೆ “ನಾಷ್ಟಾ ಆತೇನು?”, ಮಧ್ಯಾಹ್ನವಾದರೆ “ಊಟ ಆತೇನು?” ಈ ನೆಲೆಯ ಹತ್ತೊಂಬತ್ತು ಮಂದಿಗೂ ನಾನು ಅದನ್ನು ದಿನಕ್ಕೆ ಮೂರು ಸಲ ಕೇಳುತ್ತಿದ್ದೆ. ಹತ್ತೊಂಬತ್ತು ಮಂದಿಯೂ “ಆತು” ಎನ್ನುತ್ತಿದ್ದರು. ನಾನು ನೆಮ್ಮದಿಯಾಗಿರುತ್ತಿದ್ದೆ. ನನ್ನ ತಪ್ಪು ಅಲ್ಲಿಯೇ ಇತ್ತು.

ಜಂಬಣ್ಣ ನಮ್ಮ ಮೆಕ್ಯಾನಿಕ್, ಹಿಮಗಾಡಿಯ ಡ್ರೈವರ್ ಕೂಡ. ರಾಯಚೂರಿನವನು, ಮೂವತ್ತೆಂಟು ವರ್ಷ, ಮಾತು ಕಡಿಮೆ. ಶೆಡ್ಡಿನಲ್ಲಿ ಒಬ್ಬನೇ ಕೆಲಸ. ನಾನು ಅಡುಗೆ ಮಾಡಿಟ್ಟರೆ ಅವರವರೇ ಹೊತ್ತಾದಾಗ ಬಡಿಸಿಕೊಂಡು ಉಣ್ಣುವುದು, ಅವನು ಬಂದನೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹಾಜರಿ ಹೇಳಲು ನನ್ನ ಅಡುಗೆಮನೆಯ ಬಾಗಿಲು ಹಾಯ್ದು ಹೋಗುತ್ತಿದ್ದ. “ನಾಷ್ಟಾ ಆತೇನೋ ಜಂಬಣ್ಣ?” “ಆತ್ ಬೇ ಯಕ್ಕಾ.” ಅಷ್ಟೇ.

ಐವತ್ತನೆಯ ನಿದ್ದೆ ಮುಗಿದ ಬೆಳಿಗ್ಗೆ ನಾನು ತಟ್ಟೆಗಳನ್ನು ಜೋಡಿಸುತ್ತಿದ್ದೆ. ನಮ್ಮಲ್ಲಿ ಎಲ್ಲರ ಸ್ಟೀಲು ತಟ್ಟೆಯ ಅಂಚಿಗೂ ಹೆಸರು ಕೊರೆಸಿದೆ, ನಿಮ್ಮ ಮನೆಯ ಪಾತ್ರೆಗಳಿಗೆ ಕೊರೆಸುತ್ತಿದ್ದಂತೆ. ತೊಳೆದ ತಟ್ಟೆ ಮೇಲೆ ಬರುತ್ತದೆ, ಉಂಡವರದ್ದು ದಿನಾಲೂ ಮೇಲೆ ಕೆಳಗೆ ಓಡಾಡುತ್ತದೆ. ರಾಶಿಯ ಎಲ್ಲಕ್ಕಿಂತ ಕೆಳಗಿನ ತಟ್ಟೆ ಕೈಗೆ ಬಂತು. ಒಣಗಿತ್ತು. ಬೆರಳು ಆಡಿಸಿದರೆ ಹಿಟ್ಟಿನ ಧೂಳು. ಅಂಚಿನಲ್ಲಿ ಜಂಬಣ್ಣನ ಹೆಸರು.

ಅವನು ದಿನಾಲೂ ಆತು ಎನ್ನುತ್ತಿದ್ದನಲ್ಲ! ಯಾರ ಮನೆಯಲ್ಲಾದರೂ ಊಟ ಆಯಿತೇ ಎಂದು ಕೇಳಿದರೆ ಹಸಿದಿದ್ದರೂ ಆಯಿತು ಎನ್ನುವುದು ನಮ್ಮವರ ಮರ್ಯಾದೆ. ನಾನೇ ಎಷ್ಟು ಸಲ ಅಂದಿದ್ದೇನೆ. ಆ ಮರ್ಯಾದೆಯ ಸುಳ್ಳನ್ನು ನಾನು ಇಲ್ಲಿ, ಈ ಕತ್ತಲಲ್ಲಿ, ನಿಜವೆಂದು ನಂಬಿ ಕುಳಿತಿದ್ದೆ.

ಅಂದೇ ಹನ್ನೊಂದು ಗಂಟೆಗೆ ಜಂಬಣ್ಣ ಹದಿನಾಲ್ಕು ಕಿಲೋಮೀಟರು ದೂರದ ಉರುವಲು ಎಣ್ಣೆಯ ಉಗ್ರಾಣಕ್ಕೆ ಗಾಡಿ ಹೊಡೆಯುವುದಿತ್ತು. ದಾರಿಯ ಎರಡೂ ಬದಿ ಹಿಮದ ಬಿರುಕುಗಳು, ಒಂದೊಂದರಲ್ಲಿ ನಮ್ಮ ನೆಲೆಯೇ ಮುಳುಗುವಷ್ಟು ಆಳ. ದಾರಿ ತೋರಲು ನೆಟ್ಟ ಬಾವುಟಗಳ ನಡುವೆ ಹೋಗಬೇಕು, ಕಣ್ಣು ಮಿಟುಕಿಸಿದರೆ ಮುಗಿಯಿತು. ನಾನು ತಟ್ಟೆ ಹಿಡಿದುಕೊಂಡೇ ಶೆಡ್ಡಿಗೆ ಓಡಿದೆ. ಅವನು ಬೂಟು ಕಟ್ಟುತ್ತಿದ್ದ, ಎಡಗಾಲಿನ ಬೂಟು ಬಲಗಾಲಿಗೆ. ಪಕ್ಕದಲ್ಲಿ ಡಾಕ್ಟರ್ ದೇಚಮ್ಮ ಔಷಧದ ಡಬ್ಬಿ ಕೊಡಲು ನಿಂತಿದ್ದರು. ನಿದ್ದೆ ಮಾಡಿದೆಯಾ ಎಂದು ಕೇಳುವಂತಿಲ್ಲ. ನಾನು ಕೇಳಿದ್ದು ಇಷ್ಟು:

“ಜಂಬಣ್ಣ, ಏನು ತಿಂದಿ?”

ಅವನು ತಲೆ ಎತ್ತಿದ. ಆಯಿತೇ ಎಂದಿದ್ದರೆ ಆತು ಎನ್ನುತ್ತಿದ್ದ. ಏನು ಎಂದರೆ ಉತ್ತರ ಸಿದ್ಧವಿರಲಿಲ್ಲ. ನಿಜ ಬಾಯಿಗೆ ಬಂದುಬಿಟ್ಟಿತು.

“ಕಡಕ್ ರೊಟ್ಟಿ, ಶೇಂಗಾ ಹಿಂಡಿ. ರಾತ್ರಿ ಊಟ ಈಗ ಮುಗೀತ್ ನೋಡ್ ಯಕ್ಕಾ. ಇನ್ನ ಮಲಗಬೇಕಿತ್ತು, ಗಾಡಿ ಕೆಲಸ ಬಂತು.”

ಗೋಡೆಯ ಗಡಿಯಾರದಲ್ಲಿ ಬೆಳಗಿನ ಹತ್ತೂಮುಕ್ಕಾಲು.

ದೇಚಮ್ಮನವರು ಡಬ್ಬಿಯನ್ನು ಕೆಳಗಿಟ್ಟು, “ಜಂಬಣ್ಣ, ನೀವಾಗೇ ಹೇಳಿದ್ರಿ, ಹುಲಿಗೆಮ್ಮನೋರು ಕೇಳಿದ್ದು ಬರೀ ಊಟ. ಈಗ ನಾನು ಕೇಳಬಹುದು ತಾನೆ?” ಎಂದರು. ಅವನು ಗೋಣು ಹಾಕಿದ. ಕೇಳಿ ನೋಡಿದರೆ ಇಪ್ಪತ್ತೆರಡು ದಿನದಿಂದ ದಿನಕ್ಕೆ ಅರ್ಧ ಗಂಟೆ ಜಾರಿದ್ದ. ನಮಗೆ ಹನ್ನೊಂದಾದರೆ ಅವನ ಮೈಗೆ ನಡುರಾತ್ರಿ. ಹಾಜರಿಗೆ ಅಲಾರಂ ಇಟ್ಟು ಎದ್ದು ಬರುತ್ತಿದ್ದ, ನಾವೆಲ್ಲ ಮಲಗಿದ ಮೇಲೆ ಡಬ್ಬಿಯಿಂದ ಒಣರೊಟ್ಟಿ ಮುರಿದು ತಿನ್ನುತ್ತಿದ್ದ.

ನಿಮ್ಮ ನಸುಕುದೀಪಕ್ಕೆ ಏನಾಯಿತು ಎಂದು ದೇಚಮ್ಮನವರು ಕೇಳಿದರು. ಅವನು ನನ್ನ ಮುಖ ನೋಡಲಿಲ್ಲ. “ಮೆಂತೆಗೆ ಹಾಕೀನ್ರಿ” ಎಂದ.

ಗಾಜಿನ ಕೋಣೆಯಲ್ಲಿ ನಾನು ಮೆಂತ್ಯ ಬಿತ್ತಿದ್ದೆ. ಅಲ್ಲಿಯ ದೀಪ ಕೆಟ್ಟು ಸಸಿಗಳು ಹಳದಿಯಾಗಿದ್ದವು. ಮೂರು ದಿನ ನಾನು ಜಂಬಣ್ಣನ ಜೀವ ತಿಂದಿದ್ದೆ: ಮೆಂತ್ಯ ಸಾಯುತ್ತದೆ, ಮೆಂತ್ಯ ಸಾಯುತ್ತದೆ. ಇಪ್ಪತ್ತೆಂಟನೆಯ ನಿದ್ದೆಯ ಹೊತ್ತಿಗೆ ದೀಪ ಸರಿಯಾಯಿತು ಎಂದು ಬಂದು ಹೇಳಿದ. ನಾನು ಹಿಗ್ಗಿದೆ. ಯಾವ ದೀಪ ಎಂದು ಕೇಳಲಿಲ್ಲ. ನನ್ನ ಮೆಂತ್ಯಕ್ಕೆ ದಿನಾಲೂ ಬೆಳಗಾಗುತ್ತಿತ್ತು, ಅವನಿಗೆ ಆಗುತ್ತಿರಲಿಲ್ಲ.

ಗಾಡಿ ಅಂದು ಹೊರಡಲಿಲ್ಲ. ಎಣ್ಣೆಯನ್ನು ಎಳೆದೆಳೆದು ಬಳಸಿದೆವು, ಕೋಣೆಗಳನ್ನು ಕೊಂಚ ತಣ್ಣಗಿಟ್ಟೆವು. ಅಷ್ಟು ದೂರ ಜಾರಿದವನನ್ನು ಹಿಂದಕ್ಕೆ ಎಳೆಯುವುದು ಕಷ್ಟ, ಇನ್ನೂ ಜಾರಿಸಿ ಒಂದು ಸುತ್ತು ಮುಗಿಸಿಬಿಡುವುದೇ ಸುಲಭ ಎಂದರು ದೇಚಮ್ಮ. ದೀಪವನ್ನು ಅವನ ಕೋಣೆಗೆ ತಂದು, ಅವನ ಬೆಳಗನ್ನು ದಿನಕ್ಕೆ ಒಂದು ಗಂಟೆ ತಡಮಾಡುತ್ತ ಹೋದೆವು. ಹದಿಮೂರು ದಿನ ಬೇಕಾಯಿತು. ಆ ಹದಿಮೂರು ದಿನವೂ ಅವನ ಹೊತ್ತಿಗೆ ನಾನು ಬಿಸಿ ರೊಟ್ಟಿ ಬಡಿದೆ. ನಮ್ಮ ಸಂಜೆಗೆ ಅವನಿಗೆ ನಾಷ್ಟಾ, ನಮ್ಮ ಚಹಾದ ಹೊತ್ತಿಗೆ ಅವನ ರಾತ್ರಿಯೂಟ, ಅದೂ ದಿನಾ ಬದಲು. ನನ್ನ ತಲೆ ಕೆಟ್ಟು ಹೋಗಿ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಒಬ್ಬನೇ ಉಣ್ಣಬಾರದು ಎಂದು ಉಳಿದವರು ಸರದಿ ಹಾಕಿಕೊಂಡು ಅವನ ಎದುರು ಕೂರುತ್ತಿದ್ದರು, ಹಸಿವಿಲ್ಲದಿದ್ದರೂ ಅರ್ಧ ರೊಟ್ಟಿ ಮುರಿಯುತ್ತಿದ್ದರು. ದೀಪ ಹೋದ ಮೇಲೆ ಮೆಂತ್ಯ ಬಾಡಬಹುದೆಂದು ನಾನು ಹೆದರಿದ್ದೆ. ಆದರೆ ಯಾರು ಯಾರೋ ಬಂದು ತಮ್ಮ ದೀಪವನ್ನು ಹಗಲಿಗೆ ಒಂದೊಂದು ತಾಸು ಅಲ್ಲಿಟ್ಟು ಸಂಜೆಗೆ ಒಯ್ಯುತ್ತಿದ್ದರು. ಹೇಳಿದ್ದರೆ ಮೊದಲೇ ಹಾಗೆ ಮಾಡಬಹುದಿತ್ತು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಸುತ್ತು ಮುಗಿದ ಬೆಳಿಗ್ಗೆ ಜಂಬಣ್ಣ ಎಲ್ಲರ ಜೊತೆ ಎದ್ದು ಬಂದ. ಪೂರಾ ಒಂದು ಸುತ್ತು ಜಾರಿದ್ದರಿಂದ ಅವನು ನಮಗಿಂತ ಒಂದು ನಿದ್ದೆ ಕಡಿಮೆ ಮಲಗಿದ್ದಾನೆ. “ನಾ ಈಗ ನಿಮ್ಮೆಲ್ಲಾರ್ಕಿಂತ ಒಂದ್ ದಿನ ಸಣ್ಣಾಂವ, ಕೆಲಸ ಕಡಿಮಿ ಹೇಳ್ರಿ” ಎಂದ. ವರ್ಷದಲ್ಲಿ ಅವನು ಆಡಿದ ಮೊದಲ ತಮಾಷೆಯ ಮಾತು ಅದೇ ಇರಬೇಕು. ಮರುವಾರ ಉಗ್ರಾಣಕ್ಕೆ ಹೋಗಿ ಎಣ್ಣೆ ತಂದ. ಗಾಡಿಯ ಬೆಳಕು ತಿರುಗಿ ಕಾಣುವ ತನಕ ನಾನು ಕಿಟಕಿ ಬಿಟ್ಟು ಕದಲಲಿಲ್ಲ, ಒಲೆಯ ಮೇಲಿನ ಬೇಳೆ ತಳ ಹಿಡಿಯಿತು. ಹಿಡಿಯಲಿ.

ಈಗ ಈ ನೆಲೆಯಲ್ಲಿ ಯಾರೂ ಊಟ ಆಯಿತೇ ಎನ್ನುವುದಿಲ್ಲ. ಏನು ಉಂಡಿ, ಯಾರ ಜೊತೆ ಉಂಡಿ ಎನ್ನುತ್ತೇವೆ. ಮೊದಮೊದಲು ಒರಟು ಅನಿಸಿತು, ಆಮೇಲೆ ರೂಢಿಯಾಯಿತು.

ಇನ್ನು ಹದಿನೈದು ನಿದ್ದೆಗೆ ಸೂರ್ಯ ಬರುತ್ತಾನೆ, ಮೊದಲ ದಿನ ಬರೀ ಅಂಚು. ಅಂದು ಮೆಂತೆಪಲ್ಲೆ ಮಾಡಬೇಕೆಂದಿದ್ದೇನೆ, ಎಲ್ಲರಿಗೂ ಒಂದೊಂದು ಚಮಚವಾದರೂ ಬರುತ್ತದೆ. ಮೊದಲು ಜಂಬಣ್ಣನ ತಟ್ಟೆಗೆ.

ಹಿರಿಯರೇ, ನಿಮಗೆ ಅಲ್ಲಿ ದಿನಾಲೂ ಸೂರ್ಯ ಹುಟ್ಟುತ್ತಾನೆ. ಆದರೂ ನಿಮ್ಮಲ್ಲಿ ಪಾಳಿ ಕೆಲಸದವರು, ಆಸ್ಪತ್ರೆಯವರು, ಕೂಸು ಹಡೆದವರು, ದುಃಖದಲ್ಲಿ ಇದ್ದವರು ಒಳಗೊಳಗೇ ಜಾರುತ್ತಿರಬಹುದು. ನಮ್ಮವ್ವನೂ ರಾತ್ರಿಯೆಲ್ಲ ಹಲಗೆ ತೊಳೆದು ಹಗಲು ಅದರ ನೆರಳಲ್ಲಿ ಮಲಗುತ್ತಿದ್ದಳು. ಊಟ ಆತೇನವ್ವಾ ಎಂದರೆ ಆತು ಎನ್ನುತ್ತಿದ್ದಳು. ನಾನು ಸಣ್ಣಾಕಿ, ನಂಬಿ ಆಡಲು ಓಡುತ್ತಿದ್ದೆ. ನಿಮ್ಮನ್ನು ಬೇಡುವುದು ಇಷ್ಟೇ. ಆಯಿತು ಎಂದವರ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲಿ. ಏನು ತಿಂದೆ ಎಂದು ಕೇಳಿ.

ದಾರವನ್ನು ಈಗ ಇಳಿಬಿಡುತ್ತೇನೆ. ಗಂಟು ಮತ್ತೊಮ್ಮೆ ನೋಡಿದ್ದೇನೆ.

ನಿಮ್ಮ
ಹುಲಿಗೆಮ್ಮ

(ಇಂದು ತಿಂದದ್ದು: ಎರಡು ರೊಟ್ಟಿ, ಬೇಳೆ, ಉಪ್ಪಿನಕಾಯಿ. ದೇಚಮ್ಮನವರ ಜೊತೆ.)