ಆಫ್ ಆದವನ ಜಾಗ

ಕೆ.ಆರ್.ಎಸ್., 14-7-94

ಅಕ್ಕಾ, ಪಂಪ್‌ಹೌಸಿನಲ್ಲಿ ಕೆಲಸ ಸಿಕ್ಕಿತು, ಕೆಮ್ಮೂ ಕಡಿಮೆಯಾಗಿದೆ. ಇಲ್ಲಿ ಮೋಟಾರು ನಿಂತರೂ ಆಫ್, ವಾರದ ರಜವೂ ಆಫ್, ಮನುಷ್ಯ ಸತ್ತರೂ ಆಫ್ ಎನ್ನುತ್ತಾರೆ. ಹೋದ ತಿಂಗಳು ಹಾಗೆ ಆಫ್ ಆದ ಬೀರಯ್ಯನ ಜಾಗಕ್ಕೇ ನನ್ನನ್ನು ಹಾಕಿದ್ದಾರೆ. ಹಾಜರಿ ಪುಸ್ತಕದಲ್ಲಿ ಇನ್ನೂ ಅವನ ಹೆಸರೇ ಇರುವುದರಿಂದ, ಮೇಸ್ತ್ರಿ ಆ ಹೆಸರು ಕೂಗಿದಾಗ ನಾನು “ಇವ್ನಿ” ಅನ್ನಬೇಕು. ಇವತ್ತು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ, ಯಾರೂ ಇಲ್ಲದ ಮೋಟಾರು ಕೋಣೆಯೊಳಗಿಂದ “ಇವ್ನಿ ಸಾಮಿ” ಎಂದು ಕೇಳಿಸಿತು. ಮೇಸ್ತ್ರಿ ತಲೆಯನ್ನೂ ಎತ್ತದೆ ಗುರುತು ಹಾಕಿ, “ಬೀರಯ್ಯ ಬಂದವ್ನಲ್ಲ, ನೀನ್ಯಾಕ್ಲಾ ನಿಂತಿದ್ದೀಯ? ನಿಂಗೆ ಆಫ್ ಕಣ್ಲಾ, ಓಗು” ಅಂದ. ನನ್ನ ಹೆಸರು ಪುಸ್ತಕಕ್ಕೆ ಹತ್ತಬೇಕು, ನಾಲ್ಕನೇ ಕ್ಲಾಸಿನ ಟೀಸಿ ಬೇಗ ಕಳಿಸು. ಲಕೋಟೆಯ ಮೇಲೆ ಜವರಯ್ಯ ಅಂತ ದೊಡ್ಡದಾಗಿ ಬರೆ.

ನಿನ್ನ ತಮ್ಮ,
ಜವರಯ್ಯ