ಹಿತ್ತಲಿಗೆ ಇಂಟರ್‌ಲಾಕ್

ಮೇ 7, ಮಂಗಳವಾರ

ಅತ್ತೆಯ ಸೀರೆ ಮತ್ತೆ ಕೆಸರು. ನೆನೆಹಾಕಿದೆ. ಹಿತ್ತಲ ಬಚ್ಚಲಿಗೆ ಹೋಗಿ ಬರುವುದರೊಳಗೆ ಎರಡು ಸಲ ಜಾರಿದರು, ನಾನು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ಹುಣಸೂರಿನ ಡಾಕ್ಟರ್ ಮೊದಲೇ ಹೇಳಿದ್ದಾರೆ — ಸೊಂಟದ ಮೂಳೆ ಒಂದು ಸಲ ಕೂಡಿದೆ, ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ. ಗಾರೆ ಕೆಲಸದ ಗುರುಸ್ವಾಮಿ ಯುಗಾದಿಯಿಂದ "ನಾಳೆ ಬತ್ತೀನಿ ಮೇಡಮ್" ಅನ್ನುತ್ತಲೇ ಇದ್ದಾನೆ. ಅವನ ನಾಳೆಗಿಷ್ಟು ಬೆಂಕಿ ಹಾಕ.

ನಮ್ಮ ಮನೆಯವರು ಗೂಡ್ಸ್ ಆಟೊ ನಿಲ್ಲಿಸಿ ಬಂದು ಊಟಕ್ಕೆ ಕೂತು ಮೊಬೈಲ್ ತೋರಿಸಿದರು. "ನೋಡಿಲ್ಲಿ ಪ್ರಮೀಳಾ, ಗಂಡ ಹೆಂಡ್ತಿ ಇಬ್ರೇ ಹಿತ್ಲಿಗೆ ಇಂಟರ್‌ಲಾಕ್ ಕಲ್ಲು ಹಾಕವ್ರೆ. ನಿಂಗೂ ಅಂಗನವಾಡಿ ರಜ. ನಾವೇ ಹಾಕ್ಬುಡಣ ಕಣೆ."

ಹೂಂ ಅಂದೆ. ಅಂದಮೇಲೆ ಅನ್ನ ಸೇರಲಿಲ್ಲ. ಕಲ್ಲು ಹಾಕಬೇಕೆಂದರೆ ಅಗೆಯಬೇಕು. ನನ್ನ ಮಗು ಈ ಹಿತ್ತಲಿನಲ್ಲೇ ಇದೆ. ಎಲ್ಲಿ ಎಂದು ನನಗೆ ಗೊತ್ತಿಲ್ಲ.

ಮೇ 8

ಇಪ್ಪತ್ತಾರು ವರ್ಷವಾಯಿತು. ಇನ್ನೂ ಹೆಸರಿಡದ ಕೂಸು. ಹಲ್ಲು ಬರದ ಮಕ್ಕಳನ್ನು ನಮ್ಮವರು ಹಿತ್ತಲಲ್ಲೇ ಮಣ್ಣು ಮಾಡುವುದು. ಹೆತ್ತವರಿಗೆ ಜಾಗ ತೋರಿಸುವ ಹಾಗಿಲ್ಲ — ತೋರಿಸಿದರೆ ಮುಂದಿನದು ನಿಲ್ಲುವುದಿಲ್ಲವಂತೆ. ನಾನು ಜ್ವರದಲ್ಲಿ ಮಲಗಿದ್ದೆ, ಇವರನ್ನು ಏನೋ ನೆಪ ಹೇಳಿ ಹುಣಸೂರಿಗೆ ಕಳಿಸಿದ್ದರು. ಅತ್ತೆ ಮಾವ ಇಬ್ಬರೇ ಮುಗಿಸಿದರು. ನಾನು ನೋಡಲಿಲ್ಲ, ಕೇಳಲಿಲ್ಲ. ಹೇಳಿದ ಹಾಗೇ ಕೇಳಿಕೊಂಡಿದ್ದೆ... ಆದರೂ ಮುಂದಿನದು ಬರಲೇ ಇಲ್ಲ.

ಮಾವ ತೀರಿಹೋದರು. ಈಗ ಜಾಗ ಗೊತ್ತಿರುವುದು ಅತ್ತೆ ಒಬ್ಬರಿಗೇ. ಅವರಿಗೋ ಬೆಳಿಗ್ಗೆ ತಿಂದ ಮುದ್ದೆ ಮಧ್ಯಾಹ್ನಕ್ಕೆ ನೆನಪಿಲ್ಲ.

ಧೈರ್ಯ ಮಾಡಿ ಕೇಳಿದೆ. "ಅತ್ತೆ, ಕೂಸನ್ನ ಎಲ್ಲಿ ಮಣ್ಣು ಮಾಡಿದ್ರಿ?"

"ಯಾವ್ ಕೂಸವ್ವಾ?"

"ನನ್ ಕೂಸು."

ನುಗ್ಗೆ ಮರದ ಕಡೆ ಕೈ ತೋರಿಸಿದರು. ಸಂಜೆ ಕೇಳಿದರೆ ತಿಪ್ಪೆಯ ಕಡೆ. ಆಮೇಲೆ ನನ್ನನ್ನೇ ಕೇಳಿದರು — "ನೀನ್ ಯಾರ್ ಮನೇವ್ಳು?"

ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಬರೆದೇಬಿಡುತ್ತೇನೆ. ಬಂತು.

ಮೇ 10, ಬೆಳಿಗ್ಗೆ 11

ಅಗೆತ ಶುರು. ಹಿತ್ತಲ ಬಾಗಿಲಿನಿಂದ ಬಚ್ಚಲವರೆಗೆ ದಾರ ಕಟ್ಟಿದ್ದೇವೆ. ಗೇಣುದ್ದ ಅಗೆಯುವುದು, ಜಲ್ಲಿಪುಡಿ ತುಂಬಿ ಗುದ್ದುವುದು, ಅದರ ಮೇಲೆ ಇಂಟರ್‌ಲಾಕ್. ಇವರದು ಗುದ್ದಲಿ, ನನ್ನದು ಮಣ್ಣು ತುಂಬುವ ಬಾಂಡ್ಲಿ. ಏಟು ಬಿದ್ದಾಗಲೆಲ್ಲ ಬಗ್ಗಿ ಮಣ್ಣು ನೋಡುತ್ತೇನೆ. ಮೆಲ್ಲಗೆ ಅಂದೆ.

"ಮೆಲ್ಲಗೆ ಅಗುದ್ರೆ ದೀಪಾವಳಿಗ್ ಮುಗೀತದೆ" ಅಂದರು. ಇವರಿಗೆ ನೆನಪಿಲ್ಲವೋ, ನೆನಪಾಗಬಾರದೆಂದು ಹಾಗೆ ಮಾತಾಡುತ್ತಾರೋ. ಕೇಳಲಿಲ್ಲ. ನುಗ್ಗೆ, ತಿಪ್ಪೆ ಎರಡೂ ದಾರದಿಂದ ದೂರ. ಅಷ್ಟೇ ಸಮಾಧಾನ.

ತೆಗೆದ ಮಣ್ಣನ್ನು ಪಕ್ಕದ ಮನೆ ಕುಳ್ಳಯ್ಯ ಹೊರುತ್ತಿದ್ದಾನೆ. ಅವನ ದನದ ಕೊಟ್ಟಿಗೆ ತಗ್ಗಂತೆ, ತುಂಬಿಸುತ್ತಾನಂತೆ.

ಮೇ 11

ಒಗೆಯುವ ಕಲ್ಲು ದಾರಿಗೆ ಅಡ್ಡ. ಆವತ್ತು ಜ್ವರ ಬಿಟ್ಟು ನಾನು ಎದ್ದು ಓಡಾಡುವ ಹೊತ್ತಿಗೆ ಮಾವ ಹೊಸದಾಗಿ ಹಾಕಿದ್ದ ಚಪ್ಪಡಿ. ಸೊಸೆಯ ಮೇಲೆ ಎಷ್ಟು ಅಕ್ಕರೆ ಎಂದುಕೊಂಡಿದ್ದೆ. ಇವರೂ ಕುಳ್ಳಯ್ಯನೂ ಹಾರೆ ಹಾಕಿ ಮಗುಚಿ, ನಲ್ಲಿಯ ಹತ್ತಿರ ತಂದು ಕೆಡವಿದರು.

ಬಾಗಿಲಲ್ಲಿ ಕೂತಿದ್ದ ಅತ್ತೆ ಒಂದೇ ಸಮ ಕೂಗಾಟ. "ಕಲ್ ಮಡಗ್ರೋ! ನಾಯಿ ಬತ್ತದೆ ಕಣ್ರೋ, ನಾಯಿ ಕೆದುಕ್ತದೆ!"

"ಯಾವ ನಾಯೀನೂ ಇಲ್ಲ, ಸುಮ್ನಿರಿ ಅತ್ತೆ" ಅಂದು ಕೈ ಹಿಡಿದು ಒಳಗೆ ಕೂರಿಸಿ ಚಿಲಕ ಹಾಕಿದೆ. ಕೂಗುತ್ತಲೇ ಇದ್ದರು.

ಒಗೆದ ನೀರು ಕುಡಿದೂ ಕುಡಿದೂ ಕಲ್ಲಿನ ಕೆಳಗಿನ ಮಣ್ಣು ಮೆತ್ತಗಾಗಿದೆ, ಕಾಲಿಟ್ಟರೆ ಕುಸಿಯುತ್ತದೆ. ಅಂಥ ಜಾಗ ಹಾಗೇ ಬಿಟ್ಟರೆ ಮುಂದೆ ಇಂಟರ್‌ಲಾಕ್ ಕುಸಿದು ಕೂರುತ್ತದೆ, ಗಟ್ಟಿ ಸಿಗುವವರೆಗೆ ತೆಗೆದು ಜಲ್ಲಿ ತುಂಬಬೇಕು ಎಂದು ವಿಡಿಯೊದಲ್ಲಿದೆ. ಇವರಿಗೆ ಸೊಂಟ ಹಿಡಿದಿತ್ತು. ನಾನೇ ಅಗೆದೆ, ಮೊಣಕಾಲುದ್ದ. ಕಪ್ಪು ಮಣ್ಣು, ಕೈತುಂಬ ಎರೆಹುಳ. "ಒಳ್ಳೆ ಮಣ್ಣು ಕಣ್ರೀ ಮೇಡಮ್" ಎಂದು ಕುಳ್ಳಯ್ಯ ಖುಷಿಯಾಗಿ ಹೊತ್ತ.

ಮೇ 15

ಬೆರಳೆಲ್ಲ ಬೊಬ್ಬೆ. ಬರೆಯಲಾಗಿರಲಿಲ್ಲ. ಅರ್ಧ ಹಾಕಿ ಒಂದು ಕೊಡ ನೀರು ಸುರಿದು ನೋಡಿದರೆ ವಾಟ ಮನೆಯ ಕಡೆಗೇ ಇತ್ತು, ನೀರು ನೇರ ಅಡಿಗೆಮನೆಗೆ ಬಂತು. "ರಸಮಟ್ಟ ತಲೆಕೆಳಗಾಗಿ ಹಿಡಿದಿದ್ರಾ?" ಅಂದೆ. ಇಬ್ಬರೂ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಎಲ್ಲ ಕಿತ್ತು ಮತ್ತೆ ಹಾಕುತ್ತಿದ್ದೇವೆ.

ಅಗೆದಲ್ಲಿ ಏನೂ ಸಿಗಲಿಲ್ಲ. ಹಾಗಾದರೆ ನುಗ್ಗೆಯ ಕೆಳಗೇ ಇರಬೇಕು. ಅಲ್ಲೊಂದು ದಾಸವಾಳ ನೆಡುತ್ತೇನೆ. ಇಷ್ಟು ವರ್ಷದ ಮೇಲೆ ಒಂದು ಜಾಗವಾಯಿತು ಎಂದು ಮನಸ್ಸು ಹಗುರವಾಗಿದೆ.

ಮೇ 18, ಸಂಜೆ 5

ಮುಗಿಯಿತು. ಅತ್ತೆಯ ಕೈ ಹಿಡಿದು ನಡೆಸಿಕೊಂಡು ಹೋದೆ. ಅರ್ಧ ದಾರಿಗೆ ನಿಂತರು. ಮೆಲ್ಲಗೆ ಕೂತು ನೆಲದ ಮೇಲೆ ಕೈಯಾಡಿಸಿದರು.

"ಒಗಿಯೋ ಕಲ್ಲೆಲ್ಲಿ?"

"ನಲ್ಲಿ ತಾವ ಅದೆ ಅತ್ತೆ."

"ಅದು ಇಲ್ಲಿರ್ಬೇಕು ಕಣವ್ವಾ. ಕೂಸ್ನ ನಾಯಿ ಕೆದುಕ್ತದೆ ಅಂತ ನಮ್ಮೆಜಮಾನ್ರು ಮ್ಯಾಲೆ ಎಳ್ದಿದ್ದು." ನನ್ನ ಮುಂಗೈ ಹಿಡಿದು ದನಿ ತಗ್ಗಿಸಿದರು. "ಪ್ರಮೀಳಂಗ್ ಯೋಳ್ಬ್ಯಾಡ. ಹೆತ್ತೊಟ್ಟೆ, ತಡ್ಕಳಕಿಲ್ಲ."

ಹೇಳುವುದಿಲ್ಲ ಅಂದೆ.

ಮೇ 19

ಇವರಿಗೆ ಹೇಳಿದೆ. "ನಂಗೂ ಗೊತ್ತಿರ್ನಿಲ್ಲ ಕಣೆ. ಅಪ್ಪ ಸಾಯೋಗಂಟ ಯೋಳ್ನಿಲ್ಲ." ಹಾರೆ ತಂದರು. "ಕಿತ್ಬುಡ್ಲಾ?"

ಕಿತ್ತರೆ ಅಲ್ಲೇನಿದೆ? ಜಲ್ಲಿಪುಡಿ. ನಾನೇ ತುಂಬಿ ಗುದ್ದಿದ್ದು.

ಬಾಂಡ್ಲಿ ಹಿಡಿದು ಕುಳ್ಳಯ್ಯನ ಕೊಟ್ಟಿಗೆಗೆ ಹೋದೆ. ಮಣ್ಣೆಲ್ಲ ಹರಡಿ, ಗುದ್ದಿ, ನೆಲ ಮಾಡಿ ಆಗಿದೆ. ಮೇಲೆ ಎರಡು ಹಸು, ಒಂದು ಕರು. ಸಗಣಿ, ಗಂಜಲ.

"ಏನ್ ಬೇಕಾಗಿತ್ತು ಮೇಡಮ್?"

"ವಸಿ ಮಣ್ಣು. ನಮ್ಮ ಒಗೆಯೋ ಕಲ್ಲಿನ ಕೆಳಗಿಂದು."

"ಎಲ್ಲಾ ಬೆರ್ತೋಯ್ತಲ್ಲ. ಯಾವ್ದಾದ್ರೇನು, ಎಲ್ಲಾ ನಿಮ್ ಹಿತ್ಲುದೇ ಅಲ್ವಾ?" ಅಂದು ಮೂಲೆಯಿಂದ ಕೆದಕಿ ತುಂಬಿಕೊಟ್ಟ. ಒಳ್ಳೆಯ ಮನುಷ್ಯ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ತಂದೆ. ದಾಸವಾಳ ನೆಡಲಿಲ್ಲ. ಬಾಂಡ್ಲಿ ನನ್ನ ಮಂಚದ ಪಕ್ಕ ಇದೆ. ಇವರು ದಾಟಿಕೊಂಡು ಓಡಾಡುತ್ತಾರೆ, ತೆಗಿ ಅನ್ನುವುದಿಲ್ಲ.

ಮೇ 23

ನಿನ್ನೆ ಜೋರು ಮಳೆ. ನೀರು ಒಂದು ಕಡೆಯೂ ನಿಲ್ಲಲಿಲ್ಲ. ಬೆಳಿಗ್ಗೆ ಅತ್ತೆ ಒಬ್ಬರೇ ಬಚ್ಚಲಿಗೆ ಹೋಗಿ ಬಂದರು, ಸೀರೆಗೆ ಒಂದು ಚುಕ್ಕೆ ಕೆಸರಿಲ್ಲ. ಗುರುಸ್ವಾಮಿ ಬಂದು ನೋಡಿ, "ನಮ್ ಹೊಟ್ಟೆ ಮ್ಯಾಲೆ ಹೊಡದ್ಬುಟ್ರಲ್ಲ ಮೇಡಮ್" ಎಂದು ನಕ್ಕು ಕಾಫಿ ಕುಡಿದು ಹೋದ.

ನಾಳೆಯಿಂದ ಅಂಗನವಾಡಿ. ಬಟ್ಟೆ ರಾಶಿ ಬಿದ್ದಿತ್ತು. ನಲ್ಲಿಯ ಹತ್ತಿರ ಹೋಗಿ ಅತ್ತೆಯ ಸೀರೆಗೆ ಸೋಪು ಹಾಕಿ, ಸುತ್ತಿ, ಕಲ್ಲಿಗೆ ಬಡಿಯಲು ಎತ್ತಿದೆ. ಎತ್ತಿದ ಕೈ ಇಳಿಯಲಿಲ್ಲ. ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ, ಕೂಸಿನ ತಲೆಯ ಮೇಲೆ ನಿಂತು, ಇದೇ ಕಲ್ಲಿಗೆ ನಾನು ಎಷ್ಟು ಜೋರಾಗಿ...